ಸರಾಸರಿ ರೈತನ ಅಳಿಯ

ನಮ್ಮ ಆಫೀಸಿನಲ್ಲಿ ಫೋನ್ ಬಡ್ಕೊಂಡರೆ ಎತ್ತಬಾರದು. ಇದನ್ನ ಎಲ್ಲೂ ಬರೆದಿಟ್ಟಿಲ್ಲ, ಆದರೆ ಅಲ್ಲಿ ಸಂಬಳ ತಗೊಳ್ಳೋ ಪ್ರತಿಯೊಬ್ಬರಿಗೂ ಗೊತ್ತು. ಎತ್ತಿದವರ ಕೊರಳಿಗೇ ಕೆಲಸ ಬೀಳುತ್ತೆ. ಆವತ್ತು ನಿರ್ದೇಶಕರು ಊಟಕ್ಕೆ ಹೋಗಿದ್ದರು, ಅವರ ಕೋಣೆಯಲ್ಲಿ ಫೋನ್ ಒಂದೇ ಸಮನೆ ಅರಚ್ತಾ ಇತ್ತು, ನಾವೆಲ್ಲ ಕಿವುಡರ ಹಾಗೆ ಕೂತಿದ್ದೆವು. ಎದ್ದು ಹೋಗಿ ಎತ್ತಿದವನು ಅಂದಾಜಪ್ಪ.

ಅದು ಅವನ ಹೆಸರಲ್ಲ, ನಾವು ಇಟ್ಟಿದ್ದು. ಕೈಯಲ್ಲಿ ಗಡಿಯಾರ ಕಟ್ಟಿಕೊಂಡೇ 'ಅಂದಾಜು ಹನ್ನೊಂದಾಗಿರಬಹುದು' ಅನ್ನೋ ಪ್ರಾಣಿ ಅದು. ನಮ್ಮದು ಕೃಷಿ ಅರ್ಥಶಾಸ್ತ್ರ ಸಂಶೋಧನಾ ಕೇಂದ್ರ. ರೈತರು ಏನು ಬೆಳೀತಾರೆ, ಯಾಕೆ ಬೆಳೀತಾರೆ, ಬೆಳೆದು ಯಾಕೆ ತಲೆ ಮೇಲೆ ಕೈ ಹೊತ್ತು ಕೂರ್ತಾರೆ ಅಂತ ಲೆಕ್ಕ ಹಾಕಿ ಸರ್ಕಾರಕ್ಕೆ ವರದಿ ಕೊಡೋದು ನಮ್ಮ ಕೆಲಸ. ಅದನ್ನ ಓದದೆ ಬೀರುವಿನಲ್ಲಿ ಇಡೋದು ಸರ್ಕಾರದ ಕೆಲಸ. ಎರಡೂ ಕಡೆ ಕೆಲಸ ಅಚ್ಚುಕಟ್ಟಾಗಿ ನಡೀತಿತ್ತು. ಅಂದಾಜಪ್ಪ ಇಲ್ಲಿ ಸಮೀಕ್ಷೆಯವನು, ಅಂದರೆ ಊರೂರು ಸುತ್ತಿ ರೈತರಿಗೆ ಪ್ರಶ್ನೆ ಕೇಳಿ ಬರೆದುಕೊಂಡು ಬರೋನು. ಸೇರಿದಾಗ ಹಂಗಾಮಿ, ಒಂಬತ್ತು ವರ್ಷ ಆದಮೇಲೂ ಹಂಗಾಮಿ. ಇನ್ನು ನಾನು ಗ್ರಂಥಪಾಲಕಿ. ನಮ್ಮ ಗ್ರಂಥಾಲಯಕ್ಕೆ ಯಾರೂ ಕಾಲಿಡೋದಿಲ್ಲವಾದ್ದರಿಂದ ಉಳಿದವರ ವಿಷಯ ಗಮನಿಸೋದಕ್ಕೆ ನನಗೆ ಬೇಕಾದಷ್ಟು ಪುರಸೊತ್ತು.

ಫೋನ್ ಮಾಡಿದ್ದು ಕೃಷಿ ಇಲಾಖೆಯ ಕಾರ್ಯದರ್ಶಿಗಳು. ಮುಂದಿನ ವಾರ ನಮ್ಮ ವರದಿಯನ್ನ ಮಂತ್ರಿಗಳು ಬಿಡುಗಡೆ ಮಾಡೋರಿದ್ದರು. ಆಗಬಾರದ್ದು ಏನಾಗಿತ್ತು ಅಂದರೆ, ಮಂತ್ರಿಗಳು ಅದರಲ್ಲಿ ಒಂದು ಪುಟ ಓದಿಬಿಟ್ಟಿದ್ದರು. ಆ ಪುಟದಲ್ಲಿ ಹೀಗಿತ್ತು: 'ಸರಾಸರಿ ರೈತನಿಗೆ ಐವತ್ನಾಲ್ಕು ವರ್ಷ. ಮೂರೂಕಾಲು ಎಕರೆ ಜಮೀನು, ಒಂದೂವರೆ ಹಸು, ಎರಡೂಕಾಲು ಮಕ್ಕಳು. ಹೆಚ್ಚಾಗಿ ಕೋಸು ಬೆಳೆಯುತ್ತಾನೆ. ಬೆಲೆ ಬಿದ್ದಾಗ ಮಾರುತ್ತಾನೆ, ಏರಿದಾಗ ಅವನ ಹತ್ತಿರ ಮಾರಲು ಏನೂ ಇರುವುದಿಲ್ಲ.' ಓದಿ ಮಂತ್ರಿಗಳು ಕಾರ್ಯದರ್ಶಿಗಳನ್ನ ಕೂಗಿ ಕರೆದರಂತೆ. ಇಷ್ಟೆಲ್ಲ ಪಾಡು ಪಡ್ತಿರೋ ಈ ಮನುಷ್ಯನನ್ನ ವೇದಿಕೆ ಮೇಲೆ ಕೂರಿಸಿ ಗೌರವಿಸಬೇಕು, ಕರೆದುಕೊಂಡು ಬನ್ನಿ ಅಂದರಂತೆ.

"ಆ ರೈತ ನಿಮಗೆ ಗೊತ್ತೇನ್ರಿ?" ಅಂತ ಕಾರ್ಯದರ್ಶಿಗಳು ಕೇಳಿದರು.

ಗೊತ್ತಿಲ್ಲ ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗೀತಿತ್ತು. ಆದರೆ ಅಷ್ಟು ದೊಡ್ಡವರು ಅವನನ್ನ ಏನಾದರೂ ಕೇಳಿದ್ದು ಅದೇ ಮೊದಲು. ನಿರ್ದೇಶಕರ ಕುರ್ಚಿ ಬೇರೆ ಖಾಲಿಯಿತ್ತು, ಅದರಲ್ಲಿ ಕೂತುಕೊಂಡ. "ಗೊತ್ತಾ ಅಂದ್ರೆ ಏನ್ಸಾರ್, ನಾನೇ ಅವರ ಸಮೀಕ್ಷೆ ಮಾಡಿದ್ದು. ಕರ್ಕೊಂಡು ಬರ್ತೀನಿ ಬಿಡಿ" ಅಂದ.

ಊಟ ಮುಗಿಸಿ ಬಂದ ನಿರ್ದೇಶಕರಿಗೆ ವಿಷಯ ತಿಳಿದು, ತಿಂದಿದ್ದು ಮೈಗೆ ಹತ್ತಲಿಲ್ಲ.

"ಸರಾಸರಿ ರೈತ ಅನ್ನೋನು ಇಲ್ಲ ಕಣಯ್ಯಾ."

"ಅಯ್ಯೋ. ಯಾವಾಗ ತೀರ್ಕೊಂಡ್ರು ಸಾರ್?"

"ಹುಟ್ಟೇ ಇಲ್ಲ. ಎಲ್ಲಾ ರೈತರನ್ನೂ ಕೂಡಿಸಿ ಭಾಗಿಸಿದಾಗ ಬರೋ ಲೆಕ್ಕ ಅದು."

"ಭಾಗಿಸಿದ್ಮೇಲೆ ಬರ್ತಾನಲ್ಲ ಸಾರ್, ಅವನನ್ನೇ ಕರ್ಕೊಂಡು ಬರೋಣ."

ನಿರ್ದೇಶಕರು ತಲೆ ಚಚ್ಚಿಕೊಂಡರು. ಮಂತ್ರಿಗಳಿಗೆ ನಿಜ ಹೇಳಿಬಿಡೋಣ ಅಂದರೆ ಧೈರ್ಯ ಸಾಲದು, ಯಾಕಂದರೆ ನಮ್ಮ ಕೇಂದ್ರವನ್ನ ಮೀನುಗಾರಿಕೆ ತರಬೇತಿ ಶಾಲೆ ಜೊತೆ ಸೇರಿಸಿಬಿಡೋ ಕಡತ ಅದೇ ಮಂತ್ರಿಗಳ ಮೇಜಿನ ಮೇಲಿತ್ತು. ಮಂತ್ರಿಗಳು ಮನಸೋತ ಮನುಷ್ಯ ಇಲ್ಲವೇ ಇಲ್ಲ ಅಂದುಬಿಟ್ಟರೆ ಮುಂದಿನ ತಿಂಗಳಿಂದ ನಾವೆಲ್ಲ ಬಲೆ ಹೆಣೀತಾ ಕೂರಬೇಕಾಗಿತ್ತು. ನಿರ್ದೇಶಕರು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿ ಕೊನೆಗೆ ತೀರ್ಪು ಕೊಟ್ಟರು.

"ಫೋನ್ ಎತ್ತಿದೋನು ನೀನು. ಎಲ್ಲಿಂದಲಾದ್ರೂ ಸರಿ, ಹಿಡ್ಕೊಂಡು ಬಾ. ತಂದ್ರೆ ನಿನ್ನನ್ನ ಖಾಯಂ ಮಾಡೋ ಆದೇಶಕ್ಕೆ ಅವತ್ತೇ ಸಹಿ. ತರಲಿಲ್ವಾ, ಮಾರನೇ ದಿನದಿಂದ ನೀನು ಬರೋದೇ ಬೇಡ."

ಆಮೇಲೆ ನನ್ನ ಕಡೆ ತಿರುಗಿ "ನೀವೂ ಹೋಗಿ ಮೇಡಂ, ಇವನೊಬ್ಬನನ್ನೇ ಕಳಿಸಿದ್ರೆ ದಾರಿ ತಪ್ಪಿಸ್ಕೋತಾನೆ" ಅಂದರು. ಪಾಪ, ಅಂದಾಜಪ್ಪನದು ಜೀಪಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು: "ಅಕ್ಕಾ, ಕೆಲಸ ಹೋದ್ರೆ ಮನೇಲಿ ಏನಂತ ಹೇಳ್ಲಿ? ಮಾವನ ಮುಂದೆ ಹೇಗೆ ನಿಲ್ಲಲಿ?"

ಮೊದಲನೇ ಊರಿನಲ್ಲೇ ಅದೃಷ್ಟ ಖುಲಾಯಿಸಿದ ಹಾಗಾಯಿತು. ದಪ್ಪ ಮೀಸೆಯ ಯಜಮಾನರೊಬ್ಬರು ಜಗಲಿ ಮೇಲೆ ಕೂತಿದ್ದರು. ವಯಸ್ಸು ಕೇಳಿದರೆ ಐವತ್ನಾಲ್ಕು. ಜಮೀನು ಮೂರು ಎಕರೆ ಚಿಲ್ಲರೆ. ಬೆಳೆ ಕೋಸು. ಅಂದಾಜಪ್ಪ ಸಂತೋಷ ತಡೀಲಾರದೆ ಅವರ ಕೈ ಹಿಡಿದುಕೊಂಡು ಕುಲುಕಿದ. "ಅಭಿನಂದನೆ ಯಜಮಾನ್ರೇ, ನೀವೇ ಸರಾಸರಿ ರೈತರು."

ಮೀಸೆ ಯಜಮಾನರು ಕೈ ಬಿಡಿಸಿಕೊಂಡರು. "ಯಾರಯ್ಯಾ ಸರಾಸರಿ? ಈ ಊರಲ್ಲಿ ನನ್ನಷ್ಟು ದಪ್ಪ ಕೋಸು ಯಾರು ಬೆಳೀತಾರೆ ಕೇಳಿ ನೋಡು. ಸರಾಸರಿ ಬೇಕಿದ್ರೆ ಪಕ್ಕದ ಮನೆಗೆ ಹೋಗು, ಅಲ್ಲೊಬ್ಬ ಇದಾನೆ."

ಪಕ್ಕದ ಮನೆಯವನು ಇನ್ನೂ ಕೆಂಡವಾದ. ಅವನು ತನ್ನ ಪಕ್ಕದವನನ್ನ ತೋರಿಸಿದ, ಆ ಪಕ್ಕದವನು ಎದುರುಗಡೆಯವನನ್ನ ತೋರಿಸಿದ. ಹೀಗೆ ಇಡೀ ಬೀದಿ ಸುತ್ತಿ ನಾವು ವಾಪಸ್ ಮೀಸೆ ಯಜಮಾನರ ಜಗಲಿಗೇ ಬಂದು ಮುಟ್ಟಿದೆವು. ಅಷ್ಟರಲ್ಲಿ ಅವರು ನಾಯಿ ಬಿಚ್ಚಿದ್ದರು.

ಎರಡನೇ ಊರಿನಲ್ಲಿ ಒಬ್ಬಳು ಅಜ್ಜಿ ಒಂದೂವರೆ ಹಸುವಿನ ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು. "ಅರ್ಧ ಹಸು ಯಾವ ಕಡೆದಪ್ಪಾ? ಹಾಲು ಕೊಡೋ ಕಡೆದಾದ್ರೆ ಇಲ್ಲಿ ಕಟ್ಟು, ಹುಲ್ಲು ತಿನ್ನೋ ಕಡೆದು ನಿಮ್ಮ ಆಫೀಸಲ್ಲೇ ಇರ್ಲಿ" ಅಂದಳು. ಅಂದಾಜಪ್ಪ ಅದನ್ನೂ ಬರೆದುಕೊಂಡ.

ಮೂರನೇ ಊರಿನಲ್ಲಿ ಆದದ್ದನ್ನ ನೆನೆಸಿಕೊಂಡರೆ ನನಗೆ ಈಗಲೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತೆ. ಅಲ್ಲಿನ ರೈತನಿಗೆ ಇನ್ನೂ ಚಿಕ್ಕ ವಯಸ್ಸು, ಲೆಕ್ಕಕ್ಕೆ ಹೊಂದೋದಿಲ್ಲ ಅಂತ ನಾನು ಹೇಳಿದೆ. ಆದರೆ ಅಂದಾಜಪ್ಪ ಎರಡೂಕಾಲು ಮಕ್ಕಳ ಚಿಂತೆಯಲ್ಲಿ ಮುಳುಗಿದ್ದ. ಆ ಮನೆಯಲ್ಲಿ ಇಬ್ಬರು ಮಕ್ಕಳು ಓಡಾಡ್ತಿದ್ದರು, ಮೂರನೆಯದಕ್ಕೆ ಹೆಂಡತಿಗೆ ಮೂರು ತಿಂಗಳು ಅಂತ ಗಂಡ ಪಿಸುಗುಟ್ಟಿದ. ಅಂದಾಜಪ್ಪ ಗಟ್ಟಿಯಾಗಿ ಲೆಕ್ಕ ಹಾಕಿದ. "ಒಂಬತ್ತರಲ್ಲಿ ಮೂರು ಅಂದ್ರೆ ಮೂರನೇ ಒಂದು ಭಾಗ ಆಯ್ತಲ್ಲ ಅಕ್ಕಾ, ನಮಗೆ ಬೇಕಾಗಿರೋದು ಕಾಲು ಭಾಗ. ಒಂದು ಮೂರು ವಾರ ಮುಂಚೆ ಬಂದಿದ್ರೆ ಸರಿಹೋಗ್ತಿತ್ತು." ಆ ಮೂರನೆಯದರ ವಿಷಯ ಅತ್ತೆಗೆ ಇನ್ನೂ ಹೇಳಿರಲಿಲ್ಲವಂತೆ. ಅತ್ತೆ ಬಾಗಿಲ ಹಿಂದೆಯೇ ಇದ್ದಳು. ನಾವು ಜೀಪು ಹತ್ತೋವರೆಗೂ ಒಳಗೆ ಪಾತ್ರೆ ಬೀಳೋ ಸದ್ದು ಕೇಳ್ತಾನೇ ಇತ್ತು.

ಹೀಗೆ ಸಮಾರಂಭಕ್ಕೆ ಎರಡು ದಿನ ಉಳಿದಾಗಲೂ ನಮ್ಮ ಕೈ ಖಾಲಿ. ದಾರಿಯಲ್ಲೇ ಅವನ ಮಾವನ ಮನೆ ಸಿಗುತ್ತೆ, ಮಗಳಿಗೆ ರಜಾ ಅಂತ ಹೆಂಡತಿಯೂ ಅಲ್ಲೇ ಬಂದಿದಾಳೆ, ಚಹಾ ಕುಡಿದು ಹೋಗೋಣ ಅಂದ. ಸೋತು ಸುಣ್ಣವಾಗಿದ್ದೆವು, ಹೋದೆವು.

ಅವನ ಮಾವನ ಬಗ್ಗೆ ಹೇಳಬೇಕು. ತನ್ನಂಥವನು ಇನ್ನೊಬ್ಬ ಹುಟ್ಟಿಲ್ಲ, ಹುಟ್ಟೋದೂ ಇಲ್ಲ ಅನ್ನೋ ಪೈಕಿ. ಎದೆ ತಟ್ಟಿ 'ಐವತ್ನಾಲ್ಕಕ್ಕೆ ಇಂಥ ಮೈಕಟ್ಟು ಇನ್ನೊಬ್ಬರಿಗಿಲ್ಲ' ಅಂದರು. ಬಾವಿ ತೋರಿಸಿ 'ಇಂಥ ನೀರು ಎಲ್ಲೂ ಇಲ್ಲ ತಾಯೀ' ಅಂದರು. ನಾವು ಕೂತ ಬೆಂಚನ್ನ ತಟ್ಟಿ 'ಇಂಥ ಮರ ಈಗ ಸಿಗೋದಿಲ್ಲ' ಅಂದರು. ಒಂದು ಕೋಸನ್ನ ತಂದು ನನ್ನ ಮಡಿಲಲ್ಲಿಟ್ಟು, ನಾನು ಹೊಗಳೋವರೆಗೂ ಎತ್ತಿಕೊಳ್ಳಲಿಲ್ಲ. ಎಲ್ಲ ಕಡೆ ಇರೋ ಹಾಗೇ ಇತ್ತು ಕೋಸು. ಕೊಟ್ಟಿಗೆಯಲ್ಲಿ ಒಂದು ಹಸು, ಅದರ ಮಗ್ಗುಲಲ್ಲಿ ಒಂದು ಕರು. ಇಬ್ಬರು ಹೆಣ್ಣುಮಕ್ಕಳು, ಹಿರಿಯವಳು ನಮ್ಮ ಅಂದಾಜಪ್ಪನ ಹೆಂಡತಿ. ಮೊಮ್ಮಗಳು ವರ್ಷದಲ್ಲಿ ಮೂರು ತಿಂಗಳು ರಜಾ ಕಳೆಯೋದು ಇಲ್ಲೇ ಅಂತ ಅವರೇ ಹೇಳಿಕೊಂಡು ಖುಷಿಪಟ್ಟರು. ನಾನು ಮನಸ್ಸಿನಲ್ಲೇ ಕೂಡಿದೆ. ಕರು ಅರ್ಧ, ಮೊಮ್ಮಗಳು ಕಾಲು.

"ಜಮೀನು ಎಷ್ಟಿದೆ ಯಜಮಾನ್ರೇ?" ಅಂದೆ.

"ಮೂರೂಕಾಲು ಎಕರೆ. ಇಂಥ ಮಣ್ಣು ಎಲ್ಲೂ ಇಲ್ಲ."

ಅಂದಾಜಪ್ಪನೂ ನಾನೂ ಚಹಾದ ಲೋಟ ಕೆಳಗಿಟ್ಟೆವು. ಅವನು ಮಾವನನ್ನ ಮೊಟ್ಟಮೊದಲ ಸಲ ಕಂಡವನ ಹಾಗೆ ಕಣ್ಣು ಬಿಟ್ಟುಕೊಂಡು ನೋಡ್ತಾ ಕೂತ. ಹೆಂಡತಿ ಅವನನ್ನ ಹಿತ್ತಲಿಗೆ ಕರೆದಳು. ನಾನೂ ಹಿಂದೆಯೇ ಹೋದೆ, ಯಾರೂ ಕರೀಲಿಲ್ಲ.

"ಏನ್ರೀ ಅದು, ನಮ್ಮಪ್ಪನನ್ನ ಹಾಗೆ ನುಂಗೋ ಹಾಗೆ ನೋಡ್ತಿದೀರ?"

ಅಂದಾಜಪ್ಪ ಎಲ್ಲಾ ಹೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಸರಾಸರಿ ಅಂತ ಅಪ್ಪನ ಮುಂದೆ ಬಾಯಿಬಿಟ್ರೋ, ಈ ಜನ್ಮದಲ್ಲಿ ನಿಮ್ಮ ಮುಖ ನೋಡಲ್ಲ ಅವರು."

"ಕರ್ಕೊಂಡು ಹೋಗದಿದ್ರೆ ನನ್ನ ಕೆಲಸ ಹೋಗತ್ತೆ ಕಣೇ."

"ಹಾಗಾದ್ರೆ ಕರ್ಕೊಂಡು ಹೋಗಿ, ಬಾಯಿ ಮಾತ್ರ ಬಿಡಬೇಡಿ."

ಮಾವನಿಗೆ ವಿಷಯ ಹೇಳಿದ್ದು ಅಂದಾಜಪ್ಪನೇ, ಮತ್ತು ನಾನು ಸಾಕ್ಷಿ ಇದೀನಿ, ಅದರಲ್ಲಿ ಒಂದೂ ಸುಳ್ಳಿರಲಿಲ್ಲ. "ಮಾವ, ಇಡೀ ಸೀಮೆಯಿಂದ ಒಬ್ಬೇ ಒಬ್ಬ ರೈತರನ್ನ ಮಂತ್ರಿಗಳು ಕರೀತಿದಾರೆ. ಲಕ್ಷಾಂತರ ರೈತರ ಲೆಕ್ಕ ಹಾಕಿದ್ವಿ. ಕೂಡಿಸಿ, ಭಾಗಿಸಿ ನೋಡಿದ್ರೆ ಕೊನೆಗೆ ಉಳಿದಿದ್ದು ನೀವೊಬ್ಬರೇ."

"ಭಾಗಿಸಿದ್ರೂ ಉಳಿದೆನಾ?" ಅಂತ ಮಾವ ಮೀಸೆಯಿಲ್ಲದ ತುಟಿ ಸವರಿಕೊಂಡರು. "ನನಗೆ ಮೊದಲೇ ಗೊತ್ತಿತ್ತು ಅಳಿಯಂದಿರೇ. ನಿಮ್ಮ ಆಫೀಸಿನವರಿಗೆ ತಿಳಿಯೋಕೆ ಇಷ್ಟು ದಿನ ಬೇಕಾಯ್ತು ಅಷ್ಟೆ."

ಸಮಾರಂಭದ ದಿನ ಬೆಳಿಗ್ಗೆ ಅವರನ್ನ ನಿರ್ದೇಶಕರ ಮುಂದೆ ನಿಲ್ಲಿಸಿದೆವು. ಮೂವತ್ತು ವರ್ಷ ಸರಾಸರಿ ರೈತನ ಮೇಲೆ ಪ್ರಬಂಧ ಬರೆದ ಮನುಷ್ಯ ನಮ್ಮ ನಿರ್ದೇಶಕರು. ಆ ರೈತ ಎದುರಿಗೆ ಬಂದು ನಿಂತು 'ನಿಮ್ಮ ಆಫೀಸಿನ ಚಹಾ ನೀರುನೀರು' ಅಂದಾಗ ಅವರು ಹತ್ತಿರ ಹೋಗಿ ತೋಳು ಮುಟ್ಟಿ ನೋಡಿದರು.

ವೇದಿಕೆಯ ಹಿಂದೆ ಗೋಡೆಗೆ ದೊಡ್ಡ ಬಟ್ಟೆ ಕಟ್ಟಿದ್ದರು. ಅದರ ಮೇಲೆ ಮಾರುದ್ದದ ಅಕ್ಷರದಲ್ಲಿ 'ಸರಾಸರಿ ರೈತನಿಗೆ ಗೌರವಾರ್ಪಣೆ'. ಮಾವನ ಕುರ್ಚಿಯನ್ನ ಅಂದಾಜಪ್ಪ ಅದಕ್ಕೆ ಬೆನ್ನು ಬರೋ ಹಾಗೆ ಹಾಕಿ, ಹಿಂದೆ ತಿರುಗಿದರೆ ಫೋಟೋ ಕೆಡುತ್ತೆ ಅಂತ ಹೇಳಿಟ್ಟಿದ್ದ. ಸಭೆ ಕಿಕ್ಕಿರಿದಿತ್ತು. ನಮ್ಮನ್ನ ನಾಯಿ ಬಿಟ್ಟು ಓಡಿಸಿದ ಮೀಸೆ ಯಜಮಾನರು ತಮ್ಮ ಬೀದಿಯವರನ್ನೆಲ್ಲ ಕಟ್ಟಿಕೊಂಡು ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು, ತಮಾಷೆ ನೋಡೋಕೆ. ಮಾವನ ಕೊರಳಿಗೆ ಪದಕ ಬಿತ್ತು, ಚಪ್ಪಾಳೆ ಬಿತ್ತು, ಮಂತ್ರಿಗಳು ಮಾತಿಗೆ ಎದ್ದರು.

"ಇವರನ್ನ ಸರಿಯಾಗಿ ನೋಡಿ. ಇವರಲ್ಲಿ ವಿಶೇಷ ಏನೂ ಇಲ್ಲ."

ತಲೆ ಆಡಿಸ್ತಾ ಇದ್ದ ಮಾವನ ತಲೆ ನಿಂತುಹೋಯಿತು.

"ಯಾವುದರಲ್ಲೂ ಹೆಚ್ಚಿಲ್ಲ, ಯಾವುದರಲ್ಲೂ ಕಮ್ಮಿಯಿಲ್ಲ. ಇವರನ್ನ ಹೊತ್ತು ಹೋಗಿ ಯಾವ ಊರಲ್ಲಿ ಬಿಟ್ರೂ ಗುರುತು ಸಿಗೋದಿಲ್ಲ. ಅಪ್ಪಟ ಸರಾಸರಿ."

ಮಾವ ನಿಧಾನವಾಗಿ ಹಿಂದೆ ತಿರುಗಿದರು. ಫೋಟೋ ಕೆಟ್ಟಿತು. ಬಟ್ಟೆಯ ಮೇಲಿನ ಅಕ್ಷರಗಳನ್ನ ಒಂದೊಂದಾಗಿ ಓದಿದರು, ಆಮೇಲೆ ಕಣ್ಣಲ್ಲೇ ಅಳಿಯನನ್ನ ಹುಡುಕಿದರು. ಅಂದಾಜಪ್ಪ ನೀರಿನ ಜಗ್ಗಿನ ಹಿಂದೆ ಅವಿತುಕೊಳ್ಳೋಕೆ ನೋಡ್ತಿದ್ದ, ಜಗ್ಗು ಚಿಕ್ಕದಿತ್ತು. ಮಾವ ಎದ್ದು ನಿಂತು ಪದಕಕ್ಕೆ ಕೈಹಾಕಿದರು. ನಿರ್ದೇಶಕರು ನನ್ನ ಕೈ ಹಿಡಿದುಕೊಂಡು "ಮೇಡಂ, ನಿಮಗೆ ಬಲೆ ಹೆಣೆಯೋಕೆ ಬರುತ್ತಾ?" ಅಂದರು.

ಮಂತ್ರಿಗಳಿಗೆ ಇದು ಯಾವುದೂ ಕಾಣಲಿಲ್ಲ. ಅವರು ಭಾವುಕರಾಗಿದ್ದರು. "ಇನ್ನು ಮುಂದೆ ನಮ್ಮ ಕೃಷಿ ನೀತಿ ಎಲ್ಲಾ ಇವರನ್ನ ಕೇಳಿಯೇ ಆಗುತ್ತೆ. ಬೆಲೆ, ಗೊಬ್ಬರ, ನೀರು, ಏನೇ ಇರ್ಲಿ. ಇವರಿಗೆ ಸರಿಹೋದ್ರೆ ಎಲ್ಲರಿಗೂ ಸರಿ. ಪ್ರತಿ ತಿಂಗಳು ಸರ್ಕಾರಿ ಕಾರು ಇವರ ಮನೆ ಬಾಗಿಲಿಗೆ ಬರುತ್ತೆ" ಅಂತ ಘೋಷಿಸಿಬಿಟ್ಟರು.

ಕಾರು ಅಂದಿದ್ದೇ ತಡ, ಮೂರನೇ ಸಾಲಿನಲ್ಲಿ ಮೀಸೆ ಯಜಮಾನರು ಎದ್ದರು. "ಸ್ವಾಮೀ, ಇದು ಅನ್ಯಾಯ. ಸರಾಸರಿ ನಾನು. ಇವರು ಮೊದಲು ಬಂದಿದ್ದು ನಮ್ಮನೆಗೆ. ಬೇಕಾದ್ರೆ ಆ ಮೇಡಮ್ಮನ್ನೇ ಕೇಳಿ."

"ನಿನಗಿಂತ ಸರಾಸರಿ ನಾನಿದೀನಿ, ಕೂತ್ಕೊಳೋ" ಅಂದ ಅವರ ಪಕ್ಕದ ಮನೆಯವನು.

"ನಾವು ಮೂರು ತಲೆಮಾರಿಂದ ಸರಾಸರಿ" ಅಂತ ಹಿಂದಿನಿಂದ ಇನ್ನೊಬ್ಬರು ಕೂಗಿದರು. ಐದು ನಿಮಿಷದಲ್ಲಿ ಅರ್ಧ ಸಭೆ ಎದ್ದು ನಿಂತು, ತಾವು ಎಷ್ಟು ಸಾಮಾನ್ಯರು ಅಂತ ಒಬ್ಬರ ಮೇಲೊಬ್ಬರು ಬಿದ್ದು ಸಾಬೀತು ಮಾಡ್ತಿತ್ತು. ಪದಕ ಅರ್ಧ ಬಿಚ್ಚಿದ್ದ ಮಾವ ಇದನ್ನೆಲ್ಲ ಕಿವಿಗೊಟ್ಟು ಕೇಳಿದರು. ಆಮೇಲೆ ಪದಕವನ್ನ ಮತ್ತೆ ಕೊರಳಿಗೆ ಇಳಿಬಿಟ್ಟುಕೊಂಡು ಮೈಕಿನ ಹತ್ತಿರ ಹೋದರು.

"ಏಯ್ ಮೀಸೆ. ನಿನ್ನ ಕೋಸು ಎಲ್ಲರದಕ್ಕಿಂತ ದಪ್ಪ ಅಂತ ಸಂತೇಲಿ ಜಂಬ ಕೊಚ್ಕೊಂಡೋನು ನೀನೇ ತಾನೆ? ಎಂಥಾ ಸರಾಸರಿನೋ ನೀನು? ನನ್ನ ಕೋಸು ಬಂದು ನೋಡು. ದಪ್ಪನೂ ಅಲ್ಲ, ಸಣ್ಣದೂ ಅಲ್ಲ. ನನ್ನ ಬಾವಿ ನೀರು ಕುಡಿದು ನೋಡು, ನೀರಿನ ಹಾಗೇ ಇರುತ್ತೆ. ನನ್ನ ಮಣ್ಣು ಬರೀ ಮಣ್ಣು." ಹುಟ್ಟಿದಾಗಿನಿಂದ ಬೀಗಿಕೊಂಡೇ ಬಂದ ಮನುಷ್ಯ ತನ್ನ ಆಸ್ತಿಪಾಸ್ತಿಯನ್ನೆಲ್ಲ ಸಭೆಯ ಮುಂದೆ ಒಂದೊಂದಾಗಿ ಕೆಳಗಿಳಿಸಿದರು. ಕೊನೆಗೆ ಅಂದಾಜಪ್ಪನ ಕಡೆ ಬೆರಳು ತೋರಿಸಿದರು. "ಅದೆಲ್ಲ ಬೇಡ, ನನ್ನ ಅಳಿಯನನ್ನ ನೋಡಿ. ಇದಕ್ಕಿಂತ ಸಾಧಾರಣವಾದ್ದು ಯಾರ ಮನೇಲಾದ್ರೂ ಇದ್ರೆ ತಂದು ನಿಲ್ಲಿಸಿ."

ಸಭೆ ಅಂದಾಜಪ್ಪನನ್ನ ಮೇಲಿಂದ ಕೆಳಗೆ ನೋಡಿತು. ಯಾರೂ ಎದುರು ಮಾತಾಡಲಿಲ್ಲ. ಮಂತ್ರಿಗಳು ಬಹಳ ಮೆಚ್ಚಿ, ನಿಮ್ಮ ಮೊದಲನೇ ಬೇಡಿಕೆ ಏನು, ಈಗಲೇ ಹೇಳಿ ಅಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಮಗಳು ಅಪ್ಪನಿಗೆ ಕಣ್ಸನ್ನೆ ಮಾಡಿದಳು. ಮಾವ ಎಷ್ಟೇ ಜಂಬದವರಾಗಲಿ, ಮಗಳು ಅಂದರೆ ಪ್ರಾಣ. "ನನ್ನ ಅಳಿಯ ಒಂಬತ್ತು ವರ್ಷದಿಂದ ಹಂಗಾಮಿ. ಅವನನ್ನ ಖಾಯಂ ಮಾಡಿಸಿ ಸ್ವಾಮೀ" ಅಂದರು. ನನಗೆ ನಿಜವಾಗಲೂ ಕಣ್ಣು ತುಂಬಿ ಬಂತು. ನಿರ್ದೇಶಕರು ಜೇಬಿನಿಂದ ಆದೇಶದ ಹಾಳೆ ತೆಗೆದರು. ಮಂತ್ರಿಗಳು 'ನಾನೇ ಹಾಕ್ತೀನಿ' ಅಂತ ಪೆನ್ನಿನ ಮುಚ್ಚಳ ತೆಗೆದರು. ಅಂದಾಜಪ್ಪ ಜಗ್ಗಿನ ಹಿಂದಿನಿಂದ ಈಚೆ ಬಂದ.

"ಒಂದು ನಿಮಿಷ ಸ್ವಾಮೀ." ಮತ್ತೆ ಮೀಸೆ ಯಜಮಾನರು. "ಅಳಿಯ ಸರ್ಕಾರಿ ಖಾಯಂ ನೌಕರ ಆದ್ಮೇಲೆ ಇವರು ಸರಾಸರಿ ಹೇಗಾಗ್ತಾರೆ? ನಮ್ಮಂಥ ರೈತರಲ್ಲಿ ಯಾರ ಅಳಿಯನಿಗೆ ಖಾಯಂ ಕೆಲಸ ಇದೆ? ನನ್ನ ಅಳಿಯನೂ ಹಂಗಾಮಿನೇ. ಆ ಪದಕ ಈ ಕಡೆ ಕೊಡ್ಸಿ."

ಮಂತ್ರಿಗಳು ನಿರ್ದೇಶಕರನ್ನ ನೋಡಿದರು. ಆ ಮನುಷ್ಯ ಬೇಕಾದಷ್ಟು ವಿಷಯದಲ್ಲಿ ಸುಳ್ಳು ಹೇಳ್ತಾರೆ, ಆದರೆ ಅಂಕಿಅಂಶದ ವಿಷಯ ಬಂದಾಗ ನಾಲಿಗೆ ಏಳೋದಿಲ್ಲ. "ಶಾಸ್ತ್ರದ ಪ್ರಕಾರ ಅವರು ಹೇಳೋದು ಸರಿ ಸಾರ್" ಅಂದರು.

ಮಾವ ಪದಕ ನೋಡಿದರು. ಪೆನ್ನು ನೋಡಿದರು. ಹೊರಗೆ ನಿಂತಿದ್ದ ಸರ್ಕಾರಿ ಕಾರು ನೋಡಿದರು. ಮಗಳ ಕಡೆ ಮಾತ್ರ ನೋಡಲಿಲ್ಲ. ಆಮೇಲೆ ಬಹಳ ಪ್ರೀತಿಯಿಂದ ಅಳಿಯನ ಹೆಗಲ ಮೇಲೆ ಕೈ ಹಾಕಿದರು.

"ಅಳಿಯಂದಿರೇ, ಹಂಗಾಮಿಯಾಗಿ ಇರೋದ್ರಲ್ಲಿ ನಿಮಗೆ ಅಂಥಾ ತೊಂದರೆ ಏನಿದೆ?"

ಅಂದಾಜಪ್ಪ "ಯಾವಾಗ ತೆಗೆದುಹಾಕ್ತಾರೋ ಅಂತ ಭಯ ಮಾವ" ಅಂದ. ಅವನು ಜೀವನದಲ್ಲಿ ಅಷ್ಟು ಖಚಿತವಾಗಿ ಹೇಳಿದ ಮಾತು ನಾನು ಇನ್ನೊಂದು ಕೇಳಿಲ್ಲ.

"ಅಷ್ಟೇನಾ?" ಅಂದರು ಮಂತ್ರಿಗಳು. ಆದೇಶದ ಹಾಳೆ ತಿರುಗಿಸಿ ಹಿಂದೆ ತಾವೇ ಬರೆದರು. ನಾಡಿನ ಕೃಷಿ ನೀತಿಯ ಹಿತದೃಷ್ಟಿಯಿಂದ ಈ ನೌಕರನನ್ನು ಖಾಯಂ ಆಗಿ ಹಂಗಾಮಿಯಾಗಿ ಇಡತಕ್ಕದ್ದು. ಯಾರೂ ತೆಗೆಯಕೂಡದು, ಯಾರೂ ಖಾಯಂ ಮಾಡಕೂಡದು. ಸಹಿ ಬಿತ್ತು, ಚಪ್ಪಾಳೆ ಬಿತ್ತು. ಹೆಂಡತಿ ಮುಂದಿನ ಸಾಲಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗ್ತಾ ಇದ್ದಳೋ ಅಳ್ತಾ ಇದ್ದಳೋ ನನಗೆ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

"ಸಂಬಳ ಎಷ್ಟು ಅಂತ ಬರೀಲಿ?" ಮಂತ್ರಿಗಳು ಪೆನ್ನು ಎತ್ತದೆ ಕೇಳಿದರು.

ಮಾವನಿಗೆ ಆಗಲೇ ಆ ಶಬ್ದದ ಮೇಲೆ ಅಭಿಮಾನ ಹುಟ್ಟಿಬಿಟ್ಟಿತ್ತು. ಎದೆಯುಬ್ಬಿಸಿ, "ನಮ್ಮ ಮನೆತನಕ್ಕೆ ತಕ್ಕ ಹಾಗೆ, ಸರಾಸರಿ ಬರೀರಿ ಸ್ವಾಮೀ" ಅಂದರು.

ಮಾರನೇ ದಿನ ಲೆಕ್ಕಪತ್ರದವರು ಆದೇಶದಂತೆ ನಮ್ಮ ಕೇಂದ್ರದ ಎಲ್ಲರ ಸಂಬಳವನ್ನೂ ಕೂಡಿಸಿ ಭಾಗಿಸಿದರು. ನಿರ್ದೇಶಕರ ದಪ್ಪ ಸಂಬಳವೂ, ಅವರ ಜೊತೆಯ ಇಬ್ಬರು ಪ್ರೊಫೆಸರುಗಳ ಸಂಬಳವೂ ಅದರಲ್ಲಿ ಸೇರಿತ್ತು. ಈಗ ನಮ್ಮ ಆಫೀಸಿನಲ್ಲಿ ಆ ಮೂವರನ್ನ ಬಿಟ್ಟರೆ ಎಲ್ಲರಿಗಿಂತ ಹೆಚ್ಚು ಸಂಬಳ ತಗೊಳ್ಳೋನು ಅಂದಾಜಪ್ಪ. ಫೋನ್ ಬಡ್ಕೊಂಡರೆ ಎತ್ತೋಕೆ ನಾವೆಲ್ಲ ಓಡ್ತೀವಿ, ಅವನು ಮಾತ್ರ ಕೂತಲ್ಲಿಂದ ಏಳೋದಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಖಾಯಂ. ನನ್ನನ್ನ ದಯವಿಟ್ಟು ಹಂಗಾಮಿ ಮಾಡಿ ಅಂತ ಅರ್ಜಿ ಕೊಟ್ಟಿದೀನಿ.